ಓದುಗರ ಪ್ರಶ್ನೆ, ನಮ್ಮ ಉತ್ತರ: ಹೃದಯ ವೈಫಲ್ಯದ ಹಿರಿಯರು ಮತ್ತು ಮನೆಗೆ ಬರುವ ನರ್ಸ್

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ಹೃದಯಕ್ಕೆ ಸಾಕಷ್ಟು ರಕ್ತ ತಳ್ಳಲು ಆಗದೆ, ಇಲ್ಲವೇ ಬಿಗಿದುಕೊಂಡು ಸರಿಯಾಗಿ ತುಂಬಿಕೊಳ್ಳಲು ಆಗದೆ, ಶ್ವಾಸಕೋಶ, ಕಾಲು, ಹೊಟ್ಟೆಯಲ್ಲಿ ನೀರು ಸೇರುವ ಸ್ಥಿತಿ ಅದು. ಇಂಥ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವ ಸಮುದಾಯ ನರ್ಸ್‌ಗಳಿಂದಲೂ ಮನೆಯವರಿಂದಲೂ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಇಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಬಳಕೆಯಲ್ಲಿರುವವು. ನಿಮ್ಮ ರೋಗಿಗೆ ವೈದ್ಯರು ಬೇರೆ ಅಂಕಿ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ 79 ವರ್ಷದ ಅಜ್ಜಿಯೊಬ್ಬರ ಮನೆಗೆ ಮೊದಲ ಸಲ ಹೋಗಬೇಕಿದೆ. ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಮೊದಲು ಏನು ನೋಡಲಿ? — ಸಮುದಾಯ ನರ್ಸ್

ಉತ್ತರ: ಮಾತ್ರೆಗಳನ್ನು. ಬಿಪಿ ಮೆಷಿನ್ ಹೊರತೆಗೆಯುವ ಮೊದಲೇ ಮನೆಯಲ್ಲಿರುವ ಮಾತ್ರೆಯೆಲ್ಲ ತರಿಸಿ. ಹೊಸ ಚೀಟಿಯವು, ಡ್ರಾಯರಿನಲ್ಲಿ ಉಳಿದ ಹಳೆಯವು, ದಿಂಬಿನ ಪಕ್ಕದಲ್ಲಿಟ್ಟ ನೋವಿನ ಮಾತ್ರೆ, ಎಲ್ಲವೂ ಬರಲಿ. ಡಿಸ್ಚಾರ್ಜ್ ಸಮ್ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸ್ಟ್ರಿಪ್ ಹೊಂದಿಸಿ ನೋಡಿ. ನೋಡಬೇಕಾದ್ದು ಕಂಪನಿಯ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು. ಮೈಯ ನೀರನ್ನು ಮೂತ್ರವಾಗಿ ಇಳಿಸುವ ಫ್ಯೂರೋಸೆಮೈಡ್ (‘ಮೂತ್ರದ ಮಾತ್ರೆ’) ಎರಡು ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಡಬ್ಬಿಯಲ್ಲಿದ್ದು, ಅಜ್ಜಿ ನಿಷ್ಠೆಯಿಂದ ಎರಡನ್ನೂ ನುಂಗುತ್ತಿರಬಹುದು.

ಇನ್ನೆರಡು ಎಡವಟ್ಟುಗಳನ್ನು ಹುಡುಕಿಯೇ ನೋಡಬೇಕು. ಆಸ್ಪತ್ರೆಯಲ್ಲಿ ಹೊಸದಾಗಿ ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ಎಂಬ ಹೃದಯ ವೈಫಲ್ಯದ ಮಾತ್ರೆ ಶುರು ಮಾಡಿರುತ್ತಾರೆ, ಮನೆಯಲ್ಲಿ ಅದೇ ಕಾಯಿಲೆಗೆ, ಬಿಪಿಗೆ ಕೊಡುವ ಹಳೆಯ ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ಮುಂದುವರಿದಿರುತ್ತದೆ. ಇವೆರಡೂ ಜೊತೆಗೆ ಹೋದರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರಿಗೇ ಸಂಚಕಾರ ಬರಬಹುದು. ಹಳೆಯದರ ಕೊನೆಯ ಡೋಸ್ ಆಗಿ 36 ಗಂಟೆ ಕಳೆಯದೆ ಹೊಸದನ್ನು ಕೊಡುವಂತೆಯೇ ಇಲ್ಲ. ಎರಡನೆಯದು, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಸ್ಪೈರೋನೊಲ್ಯಾಕ್ಟೋನ್ ಮಾತ್ರೆಯ ಜೊತೆಗೆ ಹಿಂದೆಂದೋ ಕೊಟ್ಟ ಪೊಟ್ಯಾಸಿಯಂ ಸಿರಪ್ ಇನ್ನೂ ನಡೆಯುತ್ತಿರುವುದು. ನಿಲ್ಲಿಸಿದ ಮಾತ್ರೆಗಳನ್ನು ಬೇರೆ ಚೀಲಕ್ಕೆ ಹಾಕಿ ಮನೆಯವರ ಒಪ್ಪಿಗೆ ಪಡೆದು ಅಲ್ಲಿಂದ ತೆಗೆಸಿ. ‘ಇರಲಿ ಬಿಡಿ, ಮುಂದೆ ಬೇಕಾದೀತು’ ಎಂದು ಅವರು ಹೇಳಿಯೇ ಹೇಳುತ್ತಾರೆ, ನೀವು ಒಪ್ಪಬೇಡಿ.

ಈ ಕೆಲಸ ನಡೆಯುವಾಗಲೇ ಅರ್ಧ ತಪಾಸಣೆ ಮುಗಿದಿರುತ್ತದೆ. ಅಜ್ಜಿ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೋ, ನಡುವೆ ನಿಲ್ಲಿಸುತ್ತಾರೋ ಗಮನಿಸಿ. ‘ಉಸಿರಾಟ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ, ಎಷ್ಟು ದಿಂಬು ಇಟ್ಟುಕೊಂಡಿರಿ’ ಎಂದು ಕೇಳಿ. ಮಲಗಿದರೆ ಉಸಿರು ಸಿಗದೆ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದ್ದಾರೆ ಎಂದು ಗೊತ್ತಾದರೆ, ಉಸಿರಾಟ ಚೆನ್ನಾಗಿಲ್ಲ ಎನ್ನಲು ಬೇರೆ ಪುರಾವೆ ಬೇಡ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ 30 ಸೆಕೆಂಡಿನೊಳಗೆ ಉಸಿರು ಕಟ್ಟಿದಂತಾಗುವುದೂ ಹೃದಯದಲ್ಲಿ ಒತ್ತಡ ಏರಿರುವುದರ ಗುರುತು.

ಕೊನೆಗೆ ಅಂದೇ, ಆ ಮನೆಯ ಮಾಪಕದಲ್ಲೇ ತೂಕ ತೆಗೆದು ಬರೆಯಿರಿ. ಆಸ್ಪತ್ರೆಯ ಮಾಪಕಕ್ಕೂ ಮನೆಯದಕ್ಕೂ ಒಂದು-ಎರಡು ಕಿಲೋ ವ್ಯತ್ಯಾಸ ಇರುವುದು ಮಾಮೂಲು. ಹಾಗಾಗಿ ಮನೆಯ ಮಾಪಕದ ಮೊದಲ ಅಂಕಿಯೇ ಮುಂದಿನ ಹೋಲಿಕೆಗೆ ಆಧಾರ. ಈ ಮೊದಲ ಭೇಟಿಯನ್ನು ವಾರದೊಳಗೆ ಮುಗಿಸಿ. ಮತ್ತೆ ಆಸ್ಪತ್ರೆ ಸೇರುವ ಸಂಭವ ಹೆಚ್ಚಿರುವುದು ಬಿಡುಗಡೆಯಾದ ಮೊದಲ ವಾರಗಳಲ್ಲೇ. 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 70 ದಾಟಿದ 282 ರೋಗಿಗಳನ್ನು 90 ದಿನ ಗಮನಿಸಿತ್ತು. ನರ್ಸ್ ಮುಂದಾಳತ್ವದಲ್ಲಿ ತಿಳಿವಳಿಕೆ, ಮಾತ್ರೆಗಳ ಪರಿಶೀಲನೆ, ಮನೆಭೇಟಿ ಸಿಕ್ಕವರಲ್ಲಿ ಮರುದಾಖಲಾತಿ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ನೋಡುವುದು ಚಿಲ್ಲರೆ ಕೆಲಸವೇನಲ್ಲ.

ಪ್ರಶ್ನೆ: ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ತಿಳಿಸಿ ಎಂದು ಕಾರ್ಡಿನಲ್ಲಿ ಬರೆದಿದೆ. ನಾನು ನೋಡುವ ತಾತನ ತೂಕ ಎರಡು ತಿಂಗಳಿಂದ 54 ಕಿಲೋದಲ್ಲೇ ನಿಂತಿದೆ. ಆದರೂ ಈಗ ಏದುಸಿರು ಹೆಚ್ಚು, ಕಾಲು ಬಾವು. ತೂಕ ನೋಡುವುದರಲ್ಲಿ ಅರ್ಥವಿದೆಯೇ? — ಮನೆಭೇಟಿ ನರ್ಸ್

ಉತ್ತರ: ಅರ್ಥವಿದೆ, ಆದರೆ ನಿಂತ ತೂಕವೂ ಮೋಸ ಮಾಡುತ್ತದೆ. ಹೃದಯ ವೈಫಲ್ಯ ಹಳೆಯದಾದಂತೆ ಹಸಿವು ಕುಗ್ಗಿ ತೊಡೆ, ತೋಳು, ಭುಜದ ಮಾಂಸ ಕರಗುತ್ತದೆ. ಎರಡು ತಿಂಗಳಲ್ಲಿ ಮೂರು ಕಿಲೋ ಮಾಂಸ ಹೋಗಿ ಮೂರು ಲೀಟರ್ ನೀರು ಸೇರಿದರೆ ಮಾಪಕದಲ್ಲಿ ಅದೇ 54 ಕಾಣುತ್ತದೆ. ನಿಮ್ಮ ತಾತನದು ಇದೇ ಇರಬಹುದು. ಅಂಗಿ ತೋಳು ಸಡಿಲವಾಗಿದೆಯೇ, ಕೆನ್ನೆ ಒಳಗೆ ಹೋಗಿದೆಯೇ, ಅದೇ ಹೊತ್ತಿಗೆ ಸೊಂಟದ ದಾರ ಬಿಗಿಯಾಗಿದೆಯೇ ನೋಡಿ. ಹೊಕ್ಕುಳ ಮಟ್ಟದಲ್ಲಿ ಪೆನ್ನಿನಿಂದ ಗುರುತು ಹಾಕಿ ಟೇಪಿನಿಂದ ಸುತ್ತಳತೆ ತೆಗೆದು ಬರೆದಿಟ್ಟರೆ ಮುಂದಿನ ಭೇಟಿಗೆ ಹೋಲಿಕೆ ಸಿಗುತ್ತದೆ. ಈಗಿನ ಏದುಸಿರನ್ನು ಮಾತ್ರ ಮುಂದಿನ ಭೇಟಿಗೆ ತಳ್ಳಬೇಡಿ, ಇಂದೇ ವೈದ್ಯರಿಗೆ ತಿಳಿಸಿ.

ನಾವು ಹಿಡಿದುಕೊಳ್ಳಬೇಕಾದ ಅಂಕಿ ‘ಒಣ ತೂಕ’. ಅಂದರೆ ಬಾವಿಲ್ಲದೆ, ಚಪ್ಪಟೆ ಮಲಗಿ ಆರಾಮಾಗಿ ಉಸಿರಾಡುವಾಗಿನ ತೂಕ. ಅದು ಒಮ್ಮೆ ಬರೆದು ಮರೆಯುವ ಅಂಕಿಯಲ್ಲ. ರೋಗಿ ಸೊರಗುತ್ತಿದ್ದರೆ ಒಣ ತೂಕವನ್ನೂ ಇಳಿಸಿ ಬರೆಯಬೇಕು, ಹಸಿವು ಮರಳಿ ಮೈ ತುಂಬಿಕೊಂಡರೆ ಏರಿಸಬೇಕು. ಬಹಳ ಕಾರ್ಡುಗಳಲ್ಲಿ ಆಸ್ಪತ್ರೆಯಿಂದ ಬಂದ ದಿನದ ಅಂಕಿಯೇ ವರ್ಷಗಟ್ಟಲೆ ಕೂತಿರುತ್ತದೆ. ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುವುದು ಇದರಿಂದಲೇ.

ತೂಕ ನೋಡುವ ಕ್ರಮದಲ್ಲೂ ತಪ್ಪಾಗುತ್ತದೆ. ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೂ ಮಾತ್ರೆಗೂ ಮೊದಲು, ಅದೇ ತೆಳು ಬಟ್ಟೆಯಲ್ಲಿ, ಬರಿಗಾಲಲ್ಲಿ ನೋಡಬೇಕು. ಮಾಪಕ ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ತೂಗಾಡುವ ಹಿರಿಯರು ಗೋಡೆ ಹಿಡಿದುಕೊಂಡು ನಿಂತರೆ ಅಷ್ಟು ಭಾರ ಗೋಡೆಗೆ ಹೋಗುತ್ತದೆ. ಅಂಥವರಿಗೆ ಹಿಂದಿನಿಂದ ಒಬ್ಬರು ಮುಟ್ಟದೆ ಕಾವಲು ನಿಲ್ಲಲಿ. ಅಂಕಿ ಕಾಣಿಸದಿದ್ದರೆ ದೊಡ್ಡ ಅಕ್ಷರದ ಅಥವಾ ಅಂಕಿಯನ್ನು ಗಟ್ಟಿಯಾಗಿ ಹೇಳುವ ಮಾಪಕ ಬೇಕು. ನೋಡಿದ ಕೂಡಲೇ ಬರೆಯಿಸಿ, ಸಂಜೆ ನೆನಪಿಸಿಕೊಂಡು ಬರೆದ ತೂಕ ಬರೀ ಅಂದಾಜು.

ತೂಕ ಏರದೆ ಉಸಿರು ಮಾತ್ರ ದಿಢೀರ್ ಕೆಟ್ಟರೆ ಬೇರೆ ಕಾರಣ ಹುಡುಕಬೇಕು. ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ. ಹೊಸದಾಗಿ ಅಡ್ಡಾದಿಡ್ಡಿಯಾಗಿ, ವೇಗವಾಗಿ ಹೊಡೆಯುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳ ಲಯ ತಪ್ಪಿದ್ದು, ಇರಬಹುದು, ಅಂದೇ ಇಸಿಜಿ ಆಗಬೇಕು. ಜ್ವರ, ಕಫ ಇದ್ದರೆ ಎದೆಯ ಸೋಂಕು. ಕಣ್ಣಿನ ಕೆಳಗಿನ ರೆಪ್ಪೆಯೊಳಗೆ ಬಿಳಿಚಿದ್ದರೆ ರಕ್ತಹೀನತೆ. ಹಿರಿಯರಲ್ಲಿ ಎದೆನೋವಿಲ್ಲದೆ ಬರೀ ಏದುಸಿರಾಗಿ ಹೃದಯಾಘಾತ ಕಾಣಿಸಿಕೊಳ್ಳುವುದೂ ಉಂಟು. ಇನ್ನು ಕೆಲವರಲ್ಲಿ ಉಸಿರಿನ ದೂರೇ ಇರುವುದಿಲ್ಲ, ಇದ್ದಕ್ಕಿದ್ದಂತೆ ಮಂಕು, ಗೊಂದಲದ ಮಾತು, ಬೀಳುವುದು, ಊಟ ಬೇಡವೆನ್ನುವುದು, ಇಷ್ಟೇ. ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು.

ಪ್ರಶ್ನೆ: ಅಮ್ಮನ ಕಾಲು ಸಂಜೆಗೆ ಊದಿಕೊಳ್ಳುತ್ತದೆ. ಬಿಗಿ ಕಾಲುಚೀಲ ಹಾಕಿಸಬಹುದೇ? — ಮಗಳು

ಉತ್ತರ: ನರ್ಸ್ ನೋಡುವವರೆಗೆ ಬೇಡ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಬಿಗಿ ಚೀಲ ಚರ್ಮಕ್ಕೆ ಹೋಗುವ ರಕ್ತವನ್ನೇ ತಡೆದು ಹುಣ್ಣು ಮಾಡುತ್ತದೆ. ಉಸಿರಾಟವೂ ಕೆಟ್ಟಿರುವ ಹೊತ್ತಿನಲ್ಲಿ ಎರಡೂ ಕಾಲು ಬಿಗಿದರೆ ಅಲ್ಲಿನ ನೀರು ಒಮ್ಮೆಲೇ ಹೃದಯದ ಕಡೆಗೆ ತಿರುಗುತ್ತದೆ. ರಾತ್ರಿ ಕಾಲೆತ್ತಿ ಮಲಗಿಸಿದಾಗ ಏದುಸಿರು ಬಂದರೂ ಕಾರಣ ಇದೇ. ಹಗಲು ಒರಗುಕುರ್ಚಿಯಲ್ಲಿ ಬೆನ್ನು ನೇರ ಇಟ್ಟು, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರಿಸಿ, ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳಿ.

ನರ್ಸ್‌ಗಳಿಗೆ ಎರಡು ಮಾತು. ಬಾವನ್ನು ನೋಡುವಾಗ ಮೊಣಕಾಲಿನ ಕೆಳಗೆ ಎದುರಿನ ಮೂಳೆಯ ಮೇಲೆ ಹೆಬ್ಬೆರಳನ್ನು 5 ಸೆಕೆಂಡಾದರೂ ಒತ್ತಿ ಹಿಡಿಯಬೇಕು. ಸುಮ್ಮನೆ ಮುಟ್ಟಿ ಬಿಟ್ಟರೆ ಸಣ್ಣ ಬಾವು ತಿಳಿಯುವುದಿಲ್ಲ. ಕುಳಿ ಎಲ್ಲಿಯವರೆಗೆ ಬೀಳುತ್ತದೆ, ಹರಡಿನವರೆಗೋ, ಅರ್ಧ ಕಾಲಿನವರೆಗೋ, ಮಂಡಿ ದಾಟಿದೆಯೋ, ಅದನ್ನು ಬರೆಯಿರಿ. ‘ಬಾವು ಎರಡು ಪ್ಲಸ್’ ಎಂದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ. ಹಾಸಿಗೆ ಹಿಡಿದವರ ಕಾಲು ಒಣಗಿದಂತಿದ್ದು ನೀರೆಲ್ಲ ಸೊಂಟದ ತಳದಲ್ಲಿ, ತೊಡೆಯ ಹಿಂಭಾಗದಲ್ಲಿ ಇರುತ್ತದೆ, ಮಗ್ಗುಲಿಗೆ ತಿರುಗಿಸಿ ಅಲ್ಲಿ ಒತ್ತಿ. ಒಂದೇ ಕಾಲು ಊದಿದ್ದರೆ ಹೃದಯದ ಲೆಕ್ಕಕ್ಕೆ ಹಾಕುವ ಮುನ್ನ ರಕ್ತ ಹೆಪ್ಪುಗಟ್ಟಿರುವುದನ್ನು ಅಥವಾ ಚರ್ಮದ ಸೋಂಕನ್ನು ಯೋಚಿಸಿ. ಬಿಪಿಗೆ ಕೊಡುವ ಅಮ್ಲೋಡಿಪಿನ್, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಕೂಡ ಕಾಲು ಊದಿಸುತ್ತವೆ. ಅಂಥ ಬಾವಿಗೆ ಮೂತ್ರದ ಮಾತ್ರೆ ಏರಿಸಿದರೆ ಬಾವು ಇಳಿಯುವುದಿಲ್ಲ, ಮೂತ್ರಪಿಂಡ ಮಾತ್ರ ಸೋಲುತ್ತದೆ.

ಪ್ರಶ್ನೆ: ಅಪ್ಪನಿಗೆ ಫ್ಯೂರೋಸೆಮೈಡ್ ಬೆಳಿಗ್ಗೆ ಒಂದು, ಸಂಜೆ ಒಂದು. ಹೊರಗೆ ಹೋಗುವ ದಿನ ಬೆಳಗಿನದನ್ನು ಗುಟ್ಟಾಗಿ ಬಿಡುತ್ತಾರೆ. ರಾತ್ರಿ ನಾಲ್ಕೈದು ಸಲ ಏಳುತ್ತಾರೆ, ಒಮ್ಮೆ ಬಿದ್ದರು. — ಮಗ

ಉತ್ತರ: ನಿಮ್ಮ ಅಪ್ಪನದು ಹಟವಲ್ಲ, ಲೆಕ್ಕಾಚಾರ. ಬಸ್ಸಿನಲ್ಲಿ ಒದ್ದೆಯಾಗುವ ಮುಜುಗರಕ್ಕಿಂತ ಒಂದು ಮಾತ್ರೆ ಬಿಡುವುದೇ ಮೇಲು ಎನ್ನುವುದು ಅವರ ನ್ಯಾಯ. ಆ ನ್ಯಾಯಕ್ಕೆ ಹೊಂದುವ ಹಾಗೆ ಹೊತ್ತು ಬದಲಿಸಿ. ಬಾಯಲ್ಲಿ ತೆಗೆದುಕೊಂಡ ಫ್ಯೂರೋಸೆಮೈಡ್ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಸುಮಾರು ಆರು ಗಂಟೆ ನಡೆಯುತ್ತದೆ. ಮೂತ್ರದ ಜೋರು ಮೊದಲ ಎರಡು ಗಂಟೆಯಲ್ಲೇ. ಹತ್ತಕ್ಕೆ ಹೊರಡಬೇಕಿದ್ದರೆ ಆರಕ್ಕೆ ಕೊಡಿ, ಇಲ್ಲವೇ ಮನೆಗೆ ಮರಳಿದ ಕೂಡಲೇ ಕೊಡಿ. ಹೊತ್ತು ಸರಿಸಿದರೆ ತೊಂದರೆಯಿಲ್ಲ, ಪೂರ್ತಿ ಬಿಟ್ಟರೆ ತೊಂದರೆ. ಎರಡನೆಯ ಮಾತ್ರೆಯನ್ನು ಸಂಜೆಯಿಂದ ಮಧ್ಯಾಹ್ನ ಎರಡರ ಆಸುಪಾಸಿಗೆ ತರಬಹುದೇ ಎಂದು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಆದರೂ ರಾತ್ರಿ ಏಳುವುದು ಪೂರ್ತಿ ನಿಲ್ಲದಿರಬಹುದು. ಹಗಲು ಕಾಲಿನಲ್ಲಿ ಇಳಿದ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹಾಸಿಗೆಯಿಂದ ಶೌಚಾಲಯದ ತನಕ ಮಂದ ದೀಪ, ದಾರಿಯಲ್ಲಿ ಕಾಲೊರಸು ಇಲ್ಲದಿರುವುದು, ಹಾಸಿಗೆ ಪಕ್ಕದಲ್ಲೇ ಮೂತ್ರದ ಬಾಟಲಿ, ಎದ್ದು ಒಂದು ನಿಮಿಷ ಅಂಚಿನಲ್ಲಿ ಕೂತು ಆಮೇಲೆ ನಿಲ್ಲುವುದು, ಇವು ಬೀಳುವುದನ್ನು ತಪ್ಪಿಸುತ್ತವೆ.

ನರ್ಸ್ ಗಮನಕ್ಕೆ ಇನ್ನೊಂದು ವಿಷಯ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಮೂತ್ರ ಬರುತ್ತಿಲ್ಲ ಎಂದರೆ ಕರುಳೇ ಊದಿಕೊಂಡು ಔಷಧ ಹೀರಿಕೊಳ್ಳುತ್ತಿಲ್ಲದಿರಬಹುದು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ಇದರ ಸುಳಿವು. ಟಾರ್ಸೆಮೈಡ್ ಎಂಬ ಇನ್ನೊಂದು ಮೂತ್ರದ ಮಾತ್ರೆ ಫ್ಯೂರೋಸೆಮೈಡ್‌ಗಿಂತ ಚೆನ್ನಾಗಿ ಹೀರಿಕೆಯಾಗುತ್ತದೆ. ಅದಕ್ಕೆ ಬದಲಿಸಬೇಕೋ, ಇಂಜೆಕ್ಷನ್ ಬೇಕೋ ಎಂದು ವೈದ್ಯರು ತೀರ್ಮಾನಿಸಲು ನಿಮ್ಮ ಈ ಒಂದು ಸಾಲಿನ ವರದಿ ಸಾಕು.

ಪ್ರಶ್ನೆ: ಬಿಪಿ 96/60 ಬಂತು. ಮಾತ್ರೆ ನಿಲ್ಲಿಸಲು ಹೇಳಲೇ? — ಸಮುದಾಯ ನರ್ಸ್

ಉತ್ತರ: ಅಂಕಿಗೆ ಹೆದರಿ ನಿಲ್ಲಿಸಬೇಡಿ. ಹೃದಯ ವೈಫಲ್ಯದ ಔಷಧ ತೆಗೆದುಕೊಳ್ಳುತ್ತಾ, ಮೇಲಿನ ಅಂಕಿ 96 ಬಂದರೂ ತಲೆಸುತ್ತಿಲ್ಲದೆ, ಕೈಕಾಲು ಬೆಚ್ಚಗಿದ್ದು ಓಡಾಡಿಕೊಂಡಿರುವವರು ಬಹಳ ಮಂದಿ. ನೋಡಬೇಕಾದ್ದು ನಿಂತಾಗಿನ ಬಿಪಿ. 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1 ನಿಮಿಷಕ್ಕೊಮ್ಮೆ, 3 ನಿಮಿಷಕ್ಕೊಮ್ಮೆ ತೆಗೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ದಾಖಲಿಸಿ ತಿಳಿಸಬೇಕಾದ ಸಂಗತಿ. ನಾಡಿ ಅಡ್ಡಾದಿಡ್ಡಿ ಇರುವವರಲ್ಲಿ ಮೆಷಿನ್ ಒಂದೊಂದು ಸಲ ಒಂದೊಂದು ಹೇಳುತ್ತದೆ, ಮೂರು ಸಲ ತೆಗೆದು ಸರಾಸರಿ ಬರೆಯಿರಿ.

ನಿಂತಾಗ ಇಳಿಯುತ್ತಿದ್ದು, ಬಾವಿಲ್ಲದೆ, ನಾಲಿಗೆ ಒಣಗಿ, ತೂಕ ಒಣ ತೂಕಕ್ಕಿಂತ ಕೆಳಗಿದ್ದರೆ ಹೆಚ್ಚಾಗಿರುವುದು ಮೂತ್ರದ ಮಾತ್ರೆ. ವೈದ್ಯರು ಮೊದಲು ಅದನ್ನು ಇಳಿಸುತ್ತಾರೆ. ಪ್ರಾಸ್ಟೇಟ್‌ಗೆ ಕೊಟ್ಟ ಟ್ಯಾಮ್ಸುಲೋಸಿನ್ ಥರದ, ಬಿಪಿಯನ್ನೂ ಇಳಿಸುವ ಬೇರೆ ಔಷಧ ಇದೆಯೇ ಎಂದೂ ನೋಡುತ್ತಾರೆ. ಆಯಸ್ಸು ಹೆಚ್ಚಿಸುವ ಮಾತ್ರೆಗಳ ಸರದಿ ಕೊನೆಗೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್, ಅಂದರೆ ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್, ಇವನ್ನಂತೂ ಏಕಾಏಕಿ ನಿಲ್ಲಿಸಲೇಬಾರದು. ಎಲ್ಲ ಬಿಪಿ ಮಾತ್ರೆಗಳನ್ನೂ ಬೆಳಿಗ್ಗೆ ಎಂಟಕ್ಕೇ ನುಂಗಿಸುತ್ತಿದ್ದರೆ ಎರಡು ಹೊತ್ತಿಗೆ ಹಂಚಿದರೂ ತಲೆಸುತ್ತು ತಗ್ಗುವುದುಂಟು. ನಾಡಿ 50ರ ಕೆಳಗೆ ಹೋದರೆ, ಮೇಲಿನ ಬಿಪಿ 90ರ ಕೆಳಗಿದ್ದರೆ, ಇಲ್ಲವೇ ಕಣ್ಣು ಕತ್ತಲಿಟ್ಟು ಬಿದ್ದಿದ್ದರೆ ಅಂದೇ ಫೋನ್ ಮಾಡಿ.

ರಾಮಿಪ್ರಿಲ್, ಸ್ಪೈರೋನೊಲ್ಯಾಕ್ಟೋನ್ ಥರದವನ್ನು ಶುರು ಮಾಡಿದ ಅಥವಾ ಏರಿಸಿದ ಒಂದೆರಡು ವಾರಕ್ಕೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಅಂಕಿ), ಪೊಟ್ಯಾಸಿಯಂ ಪರೀಕ್ಷೆ ಆಗಿದೆಯೇ ಎಂದು ಇದೇ ಭೇಟಿಯಲ್ಲಿ ನೋಡಿ. ಪೊಟ್ಯಾಸಿಯಂ 5.5 ದಾಟಿದರೆ ಡೋಸ್ ಇಳಿಸಬೇಕು, 6 ದಾಟಿದರೆ ನಿಲ್ಲಿಸಿ ತುರ್ತಾಗಿ ನೋಡಬೇಕು. ರಕ್ತ ತೆಗೆದದ್ದು ನೆನಪಿರುತ್ತದೆ, ಫಲಿತಾಂಶ ಯಾರೂ ನೋಡಿರುವುದಿಲ್ಲ.

ಪ್ರಶ್ನೆ: ವಾಂತಿ-ಭೇದಿ ಆದ ದಿನ ಎಂದಿನಂತೆ ಮಾತ್ರೆ ಕೊಡಬೇಕೇ? — ಸೊಸೆ

ಉತ್ತರ: ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕಾದ ಉತ್ತರ ಇದು. ದೇಹದಲ್ಲಿ ನೀರು ಖಾಲಿಯಾಗುತ್ತಿರುವಾಗ ಮೂತ್ರದ ಮಾತ್ರೆ, ಸ್ಪೈರೋನೊಲ್ಯಾಕ್ಟೋನ್, ರಾಮಿಪ್ರಿಲ್ ಗುಂಪಿನವು ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಮೂತ್ರಪಿಂಡ ಸೋತಾಗ ಮಧುಮೇಹದ ಮೆಟ್‌ಫಾರ್ಮಿನ್ ಮೈಯಲ್ಲಿ ಉಳಿದು ಅಪಾಯ ತರಬಲ್ಲದು. ಮಧುಮೇಹಕ್ಕೂ ಹೃದಯ ವೈಫಲ್ಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಂಶ ಸಹಜವಾಗಿದ್ದೂ ಕೀಟೋನ್ ಎಂಬ ಆಮ್ಲ ಏರಿ ವಿಷವಾಗುವ ಅಪಾಯವಿದೆ. ಸಾಮಾನ್ಯವಾಗಿ ಇವನ್ನು ತಾತ್ಕಾಲಿಕವಾಗಿ ತಡೆದು, ಊಟ-ನೀರು ಸರಿಹೋದ 24ರಿಂದ 48 ಗಂಟೆಯಲ್ಲಿ ಮತ್ತೆ ಶುರು ಮಾಡಿಸುತ್ತಾರೆ. ತಡೆಯುವಷ್ಟೇ ಮುಖ್ಯ ಮತ್ತೆ ಶುರು ಮಾಡುವುದು. ಭೇದಿ ನಿಂತು ಹತ್ತು ದಿನವಾದರೂ ಫ್ಯೂರೋಸೆಮೈಡ್ ಡಬ್ಬಿಯಲ್ಲೇ ಉಳಿದು, ಕೊನೆಗೆ ಏದುಸಿರಿನಿಂದ ಆಸ್ಪತ್ರೆ ಸೇರುವವರಿದ್ದಾರೆ. ಯಾವ ಮಾತ್ರೆ, ಯಾವ ದಿನ ನಿಲ್ಲಿಸಿದ್ದು, ಯಾವ ದಿನ ಶುರು ಎಂದು ತೂಕದ ಪುಸ್ತಕದಲ್ಲೇ ಬರೆಯಿರಿ.

ಪ್ರಶ್ನೆ: ಮಂಡಿನೋವಿಗೆ, ಶೀತಕ್ಕೆ ಅಂಗಡಿಯಿಂದ ಏನು ತರಬಹುದು? ಉಪ್ಪಿನ ಬದಲು ಸಿಗುವ ‘ಕಡಿಮೆ ಸೋಡಿಯಂ’ ಉಪ್ಪು ಒಳ್ಳೆಯದೇ? — 72ರ ಓದುಗರು

ಉತ್ತರ: ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್ ಮಾತ್ರೆಗಳು ಬೇಡವೇ ಬೇಡ. ಇವು ಉಪ್ಪು-ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಮೂತ್ರದ ಮಾತ್ರೆಯ ಕೆಲಸ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು, ಆದರೆ ನೀರಿಗೆ ಹಾಕಿದರೆ ಬುಸುಗುಡುತ್ತಾ ಕರಗುವ ಬಗೆಯದಲ್ಲ. ಅಂಥ 500 ಮಿಲಿಗ್ರಾಂ ಮಾತ್ರೆಗಳಲ್ಲಿ ಎಷ್ಟೋ ಸಲ ಒಂದಕ್ಕೆ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ ಆರು ತೆಗೆದುಕೊಂಡರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 2 ಗ್ರಾಂ ಮಿತಿ ಮಾತ್ರೆಯಿಂದಲೇ ದಾಟಿತು. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೊಎಫಿಡ್ರಿನ್ ಇರುವ ಶೀತದ ಮಾತ್ರೆಗಳೂ ಬೇಡ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ರಾಮಿಪ್ರಿಲ್, ಸ್ಪೈರೋನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಅದು ಅಪಾಯ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ.

ಪ್ರಶ್ನೆ: ಏದುಸಿರಿಗೆ ಮನೆಯಲ್ಲಿ ಆಕ್ಸಿಜನ್ ಇಡೋಣವೇ? — ಮಗ

ಉತ್ತರ: ರಕ್ತದ ಆಕ್ಸಿಜನ್ ಮಟ್ಟ ಶೇ 90ಕ್ಕಿಂತ ಕಡಿಮೆಯಿಲ್ಲದಿದ್ದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಬೆರಳಿನ ಮೀಟರ್ ತಣ್ಣಗಿನ ಬೆರಳಲ್ಲಿ, ಉಗುರುಬಣ್ಣದ ಮೇಲೆ ತಪ್ಪು ಹೇಳುತ್ತದೆ, ಕೈ ಬೆಚ್ಚಗೆ ಮಾಡಿ ಮತ್ತೆ ನೋಡಿ. ಕೂತಲ್ಲೇ ಉಸಿರು ಸಿಗದಿರುವುದು, ಗುಲಾಬಿ ಬಣ್ಣದ ನೊರೆ ಕಫ, ತುಟಿ ನೀಲಿಯಾಗುವುದು ಕಂಡರೆ ಮೀಟರ್ ಹುಡುಕುತ್ತಾ ಕೂರದೆ ಕಾಲು ಕೆಳಗೆ ಬಿಟ್ಟು ನೇರ ಕೂರಿಸಿ ಆಂಬುಲೆನ್ಸ್ ಕರೆಸಿ.

ಪ್ರಶ್ನೆ: 88ರ ರೋಗಿ. ಔಷಧ ಎಲ್ಲ ಸರಿಯಿದ್ದರೂ ಆರು ತಿಂಗಳಲ್ಲಿ ನಾಲ್ಕನೇ ಸಲ ಆಸ್ಪತ್ರೆ. ಇನ್ನು ಹೋಗುವುದಿಲ್ಲ ಎನ್ನುತ್ತಿದ್ದಾರೆ. ಎದೆಯಲ್ಲಿ ಶಾಕ್ ಕೊಡುವ ಸಾಧನವಿದೆ. — ಮನೆಭೇಟಿ ನರ್ಸ್

ಉತ್ತರ: ಅವರ ಮಾತನ್ನು ವೈದ್ಯರೂ ಮನೆಯವರೂ ಇರುವಾಗ ಇನ್ನೊಮ್ಮೆ ಅವರ ಬಾಯಿಂದಲೇ ಕೇಳಿಸಿ, ಬರೆದಿಡಿ. ಮನೆಯಲ್ಲೇ ಇರುವುದು ಎಂದಾದರೆ ಆರೈಕೆ ಕಡಿಮೆಯಾಗುವುದಿಲ್ಲ, ಗುರಿ ಬದಲಾಗುತ್ತದೆ. ಮೂತ್ರದ ಮಾತ್ರೆಯನ್ನು ಕೊನೆಯವರೆಗೂ ಮುಂದುವರಿಸುವುದು ಲೇಸು, ಏದುಸಿರು ತಗ್ಗಿಸುವುದು ಅದೇ. ಕೊಲೆಸ್ಟ್ರಾಲ್ ಮಾತ್ರೆಯನ್ನು ವೈದ್ಯರು ಬಿಡಿಸಬಹುದು. ಮುಖದ ಮೇಲೆ ತಂಪು ಗಾಳಿ ಬೀಳುವಂತೆ ಸಣ್ಣ ಫ್ಯಾನ್, ಮುಂದೆ ಮೇಜಿಟ್ಟು ದಿಂಬಿನ ಮೇಲೆ ಮುಂಗೈಯೂರಿ ಬಾಗಿ ಕೂರುವುದು ಆರಾಮ ಕೊಡುತ್ತವೆ. ಇವೂ ಸಾಲದಾದಾಗ ವೈದ್ಯರು ಬಹಳ ಸಣ್ಣ ಪ್ರಮಾಣದ ಮಾರ್ಫಿನ್ ಬರೆಯುತ್ತಾರೆ. ಅದರ ಜೊತೆಗೆ ಮಲಬದ್ಧತೆಯ ಔಷಧ ಮೊದಲ ದಿನದಿಂದಲೇ ಬೇಕು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್ ಮೈಯಲ್ಲಿ ಉಳಿದುಕೊಳ್ಳುವುದರಿಂದ ಅತಿನಿದ್ದೆ, ಕೈಕಾಲು ಅದುರುವುದು ಕಂಡರೆ ಕೂಡಲೇ ತಿಳಿಸಿ.

ಶಾಕ್ ಸಾಧನದ ಮಾತನ್ನು ಮುಂದೂಡಬೇಡಿ. ಕೊನೆಯ ಗಂಟೆಗಳಲ್ಲಿ ಹೃದಯದ ಲಯ ತಪ್ಪಿದಾಗ ಅದು ಎಚ್ಚರವಿರುವ ರೋಗಿಗೆ ಮತ್ತೆ ಮತ್ತೆ ಶಾಕ್ ಕೊಡಬಲ್ಲದು. ರೋಗಿ ಒಪ್ಪಿದರೆ ಶಾಕ್ ಭಾಗವನ್ನಷ್ಟೇ ಸಾಧನ ನೋಡಿಕೊಳ್ಳುವ ಕ್ಲಿನಿಕ್‌ನವರು ಪ್ರೋಗ್ರಾಮರ್ ಎಂಬ ಯಂತ್ರದಿಂದ ಹೊರಗಿನಿಂದಲೇ ಆಫ್ ಮಾಡುತ್ತಾರೆ. ನೋವಿಲ್ಲ, ಕೊಯ್ಯುವುದಿಲ್ಲ, ಆಫ್ ಮಾಡಿದ ಕಾರಣಕ್ಕೆ ಅಲ್ಲೇ ಸಾವು ಬರುವುದೂ ಇಲ್ಲ. ಬಡಿತ ತೀರಾ ನಿಧಾನವಾಗದಂತೆ ನೋಡಿಕೊಳ್ಳುವ ಪೇಸ್‌ಮೇಕರ್ ಭಾಗ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅವರು ಬರುವುದು ತಡವಾಗುವಂತಿದ್ದರೆ ಅದಕ್ಕೆಂದೇ ಇರುವ ಮ್ಯಾಗ್ನೆಟ್ ಒಂದನ್ನು ಕ್ಲಿನಿಕ್‌ನಿಂದ ಪಡೆದು ಮನೆಯಲ್ಲಿಡಿ. ತುರ್ತಿನಲ್ಲಿ ಸಾಧನದ ಉಬ್ಬಿನ ಮೇಲೆ ಅಂಟುಪಟ್ಟಿ ಹಾಕಿ ಕೂರಿಸಿದರೆ, ಅದು ಅಲ್ಲಿರುವಷ್ಟು ಹೊತ್ತು ಸಾಮಾನ್ಯವಾಗಿ ಶಾಕ್ ಬರುವುದಿಲ್ಲ. ಅವರ ಸಾಧನಕ್ಕೂ ಇದು ಅನ್ವಯಿಸುತ್ತದೆಯೇ, ಎಲ್ಲಿ ಇಡಬೇಕು ಎಂದು ಮ್ಯಾಗ್ನೆಟ್ ಪಡೆಯುವಾಗಲೇ ಕೇಳಿ ಬರೆದುಕೊಳ್ಳಿ.